ಒಂದೇ ಸಲ ಕೇಳುವ ಯಂತ್ರ

ಕೃತಕ ಕಾಲಿನ ಕಾರ್ಖಾನೆ, ಅಳತೆಯ ಕೋಣೆ
ಗುರುವಾರ, ತಾರೀಖು ಹನ್ನೆರಡು, ಊಟದ ಬಿಡುವು

ಪ್ರೀತಿಯ ಅಕ್ಕಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿದ್ದಾನೆ ಎಂದು ನಂಬಿ ಈ ಕಾಗದಕ್ಕೆ ಕುಳಿತಿದ್ದೇನೆ. ಮಂಡಿ ನೋವು ಹೇಗಿದೆ? ಮೂರನೆಯ ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಇಳಿದು ಹತ್ತುತ್ತೀಯಂತೆ, ನಿನ್ನ ಮೊಮ್ಮಗಳು ಚಾಡಿ ಹೇಳಿದಳು. ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂರಬಾರದೇ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾರ್ಖಾನೆಯ ಮಾತು ತೆಗೆದರೆ ಸಾಕು, ನೀನು ‘ಒಲೆ ಮೇಲೆ ಹಾಲಿದೆ’ ಎಂದು ಇಟ್ಟುಬಿಡುತ್ತೀಯ. ಯಾವ ಹಾಲು ಇಪ್ಪತ್ತೆರಡು ವರ್ಷ ಕಾಯುತ್ತದೆ ಹೇಳು. ಅದಕ್ಕೇ ಕಾಗದ. ಪೂರ್ತಿ ಓದು.

ಸೋಮವಾರ ನಮ್ಮ ಕೋಣೆಗೆ ಹೊಸ ಕಂಪ್ಯೂಟರ್ ಬಂತು. ಐವತ್ತನೆಯ ವಯಸ್ಸಿಗೆ ಮೌಸ್ ಹಿಡಿದೆ. ಮೊದಲ ದಿನ ಅದು ಮೇಜು ಬಿಟ್ಟು ಓಡುತ್ತಿತ್ತು, ಈಗ ಹೇಳಿದ ಮಾತು ಕೇಳುತ್ತದೆ. ನಮ್ಮ ಹಳೆಯದರಲ್ಲಿ ಏನಿತ್ತು? ಕಪ್ಪು ಪರದೆ, ಹಸಿರು ಅಕ್ಷರ, ಮಿಣುಕುವ ಒಂದು ಗೀಟು. ನಾವು ಬಾಯಿ ಬಿಡುವ ತನಕ ಅದೂ ಬಿಡುತ್ತಿರಲಿಲ್ಲ. ಒತ್ತಬೇಕಾದ ಪದ ನಮ್ಮ ತಲೆಯಲ್ಲೇ ಇರಬೇಕು, ಒಂದು ಚುಕ್ಕಿ ತಪ್ಪಿದರೂ ‘ಗೊತ್ತಿಲ್ಲ’ ಎಂದು ಒಂದೇ ಸಾಲು. ಹೊಸದು ಹಾಗಲ್ಲ. ಅಂಗಡಿಯವನು ಬಾಗಿಲಲ್ಲಿ ಸಾಮಾನು ತೂಗುಹಾಕಿದ ಹಾಗೆ ಎಲ್ಲವನ್ನೂ ಚಿತ್ರ ಮಾಡಿ ಹರಡುತ್ತದೆ. ಕಡತಕ್ಕೆ ಕಡತದ ಚಿತ್ರ, ಕಸಕ್ಕೆ ಕಸದ ಬುಟ್ಟಿಯ ಚಿತ್ರ. ನೆನಪಿಡುವ ಕಷ್ಟವಿಲ್ಲ, ಬೇಕಾದ್ದನ್ನು ತೋರಿಸಿದರೆ ಸಾಕು. ಹಾಗಂತ ಪೂರ್ತಿ ಹೊಗಳಲಾರೆ. ನಮ್ಮದು ಗುಂಡಿ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎದ್ದು ಕೂರುತ್ತಿತ್ತು. ಇದು ನನ್ನ ಪ್ರಾರ್ಥನೆ ಮುಗಿದರೂ ಚಕ್ರ ತಿರುಗಿಸುತ್ತಲೇ ಇರುತ್ತದೆ. ಆರಿಸುವುದಕ್ಕೂ ಅದರ ಅಪ್ಪಣೆ ಬೇಕು.

ಅಳತೆಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಲು ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದಳು, ಚುರುಕು ಹೆಂಗಸು. ಕಪ್ಪು ಪರದೆ ನೋಡಿ, “ಆಂಟಿ, ಇದರಲ್ಲಿ ಎಲ್ಲಿ ಕ್ಲಿಕ್ ಮಾಡೋದು?” ಎಂದಳು. “ಎಲ್ಲೂ ಇಲ್ಲಮ್ಮ, ಇದಕ್ಕೆ ಹೇಳ್ಬೇಕು” ಎಂದೆ. ನೀನು ಶೂ ಡಬ್ಬಿಯ ರಟ್ಟಿನಲ್ಲಿ ಬರೆದು ಅಂಟಿಸಿದ್ದು ಗೋಡೆಯ ಮೇಲೆ ಇನ್ನೂ ಇದೆ. ‘ಡಿ ಐ ಆರ್, ಏನೇನಿದೆ ತೋರಿಸು. ಸಿ ಡಿ, ಒಳಗೆ ಹೋಗು.’ ಕೆಳಗೆ ಕೆಂಪು ಶಾಯಿಯಲ್ಲಿ, ‘ಎಂಟರ್ ಒತ್ತುವ ಮುನ್ನ ಬೆರಳೆತ್ತು, ಓದು, ದೇವರನ್ನು ನೆನೆ.’ ನಾನು ಆ ರಟ್ಟಿನ ಕಡೆ ತಿರುಗಿಯೂ ನೋಡದೆ ಆರು ಸಾವಿರ ಕಾಲುಗಳ ಅಳತೆಯನ್ನು ಒಂದೊಂದೇ ಫ್ಲಾಪಿಗೆ ಇಳಿಸಿಕೊಟ್ಟೆ. ಒಂದು ಕಾಲೂ ತಪ್ಪಲಿಲ್ಲ. ಅವಳು ಕೈಕಟ್ಟಿ ನಿಂತು ನೋಡುತ್ತಿದ್ದಳು. “ಯಾವ ಕಾಲೇಜಲ್ಲಿ ಕಲಿತ್ರಿ ಆಂಟಿ?” “ನಮ್ಮಕ್ಕನ ಕಾಲೇಜಲ್ಲಿ” ಎಂದೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೆ ಓದು ಮುಗಿಸಿದವಳು ನಾನು. ಆಗ ನನ್ನ ಎದೆ ಎಷ್ಟು ಉಬ್ಬಿತೆಂದು ದೇವರಿಗೇ ಗೊತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹೊಲಿಗೆಯ ದಪ್ಪಮ್ಮ, “ಆ ಅಕ್ಕಾನೇ ಅಲ್ವೇನೇ, ಎಲ್ಲಾ ಅಳಿಸಿಹಾಕಿದ್ದು?” ಎಂದಳು. ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ ಅವಳಿಗೆ. ಇಲ್ಲಿ ಎಲ್ಲರಿಗೂ ಗೊತ್ತಿರುವುದು ಅಷ್ಟೇ.

ನಿನಗೂ ನನಗೂ ಮಾತ್ರ ಬೇರೆ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆ ದಿನ ನಾನು ಫ್ಲಾಪಿ ಖಾಲಿ ಮಾಡಲು ಹೋಗಿದ್ದೆ. ಮೊದಲು ಫ್ಲಾಪಿಯ ಅಕ್ಷರ ಒತ್ತಿ ಆ ಕಡೆ ದಾಟಬೇಕಿತ್ತು, ದಾಟಲೇ ಇಲ್ಲ. ‘ಎಲ್ಲವನ್ನೂ ಅಳಿಸಲೇ’ ಎಂದು ಯಂತ್ರ ಒಂದೇ ಸಲ ಕೇಳಿತು. ಬೆರಳೆತ್ತಲಿಲ್ಲ, ಓದಲಿಲ್ಲ, ಹೌದು ಎಂದು ಒತ್ತಿದೆ. ಫ್ಲಾಪಿಯ ಬದಲು ಯಂತ್ರದೊಳಗಿನ ಅಳತೆಗಳೆಲ್ಲ ಹೋದವು. ನಕಲು ಇಟ್ಟಿದ್ದ ಒಂದೇ ಫ್ಲಾಪಿಗೂ ಬೂಷ್ಟು ಹಿಡಿದಿತ್ತು. ನನ್ನದಾಗ ತಾತ್ಕಾಲಿಕ ಕೆಲಸ, ಕೈಯಲ್ಲಿ ಆರು ತಿಂಗಳ ಕೂಸು. ನೀನು ನನ್ನನ್ನು ಪಕ್ಕಕ್ಕೆ ತಳ್ಳಿ ಕುರ್ಚಿಯಲ್ಲಿ ಕುಳಿತು, ಮೇಸ್ತ್ರಿ ಬಂದಾಗ “ನಾನೇ ಒತ್ತಿದೆ” ಎಂದೆ. ಬಾಯಿ ಬಿಡಬಾರದೆಂದು ನನ್ನಿಂದ ದೇವರ ಆಣೆ ಹಾಕಿಸಿದೆ. ಮೇಸ್ತ್ರಿ ನಿನ್ನನ್ನು ಚರ್ಮ ಹೊಲಿಯಲು ಕಳಿಸಿದರು. ರಜದ ದಿನಗಳಲ್ಲಿ ನಾವಿಬ್ಬರೇ ಬಂದು, ಅಟ್ಟದ ಮೇಲಿನ ಪ್ಲಾಸ್ಟರ್ ಅಚ್ಚುಗಳಿಗೆಲ್ಲ ನೀನು ಟೇಪು ಹಿಡಿದು ಓದಿದೆ, ನಾನು ಒತ್ತಿದೆ. ಎಲ್ಲ ಕಾಲುಗಳೂ ಮರಳಿ ಬಂದವು. ನೀನು ಮಾತ್ರ ಆ ಕುರ್ಚಿಗೆ ಮರಳಲಿಲ್ಲ. ನಿವೃತ್ತಿಯಾದ ಮೇಲಂತೂ ಈ ಗೇಟಿನತ್ತ ಸುಳಿಯಲಿಲ್ಲ.

ನಿನ್ನೆ ಏನಾಯಿತು ಕೇಳು. ಅಳತೆ ಬರೆಯಲು ಹೊಸದಾಗಿ ಸೇರಿದವಳು ಹೊಸ ಯಂತ್ರದಲ್ಲಿ ಇಡೀ ಕಡತವನ್ನೇ ಅಳಿಸಿಬಿಟ್ಟಳು. ಮುಖ ಸುಣ್ಣದಂತಾಯಿತು. ಇಂಜಿನಿಯರಮ್ಮ ನಗುತ್ತ ಬಂದು ಕಸದ ಬುಟ್ಟಿಯ ಚಿತ್ರ ತೆರೆದಳು. ಎಲ್ಲ ಅದರೊಳಗೇ ಇತ್ತು. ಎರಡು ಸಲ ಒತ್ತಿದಳು, ಮೊದಲಿದ್ದಲ್ಲಿಗೇ ಬಂದು ಕೂತಿತು. “ಇಷ್ಟಕ್ಕೆ ಯಾಕೆ ಅಳ್ತೀರಿ?” ಎಂದಳು. ಅಳುತ್ತಿದ್ದುದು ಆ ಹೊಸಬಳಲ್ಲ ಅಕ್ಕಾ, ನಾನು. ಮುಖ ತೊಳೆಯುವ ನೆಪ ಹೇಳಿ ನಲ್ಲಿಯ ಹತ್ತಿರ ಹೋದೆ.

ಇನ್ನು ಗಂಟೆ ಬಾರಿಸುತ್ತದೆ. ಮಗಳಿಗೂ ಅಳಿಯಂದಿರಿಗೂ ನಾನು ಕೇಳಿದೆನೆಂದು ಹೇಳು, ಮೊಮ್ಮಗಳಿಗೆ ಒಂದು ಮುತ್ತು. ದಿನಾ ದೇವರ ಮುಂದೆ ನಿಂತಾಗ ಮೊದಲು ನಿನ್ನ ಮಂಡಿಯನ್ನೇ ಕೇಳಿಕೊಳ್ಳುತ್ತೇನೆ.

ನಿನ್ನ ಪಾದ ಮುಟ್ಟುವ ತಂಗಿ,
ಅವಸರದ ಗುಬ್ಬಿ

ತಾ.ಕ.: ನಲ್ಲಿಯಿಂದ ನೇರ ಮೇಸ್ತ್ರಿಯ ಹತ್ತಿರ ಹೋದೆ. ಈ ಸಲ ನಿಂತು, ದೇವರನ್ನು ನೆನೆದು, ಎಲ್ಲರೆದುರೂ ಹೇಳಿದೆ, “ಅವತ್ತು ಒತ್ತಿದ್ದು ನಾನು.” ಆಣೆ ಮುರಿದೆ. ದೇವರಿಗೆ ತಪ್ಪೊಪ್ಪಿಸಿದ್ದೇನೆ, ಬೈಯುವುದು ನಿನ್ನ ಪಾಲಿಗಿದೆ. ಮೇಸ್ತ್ರಿ ಕೈಗೆ ಮೆತ್ತಿದ್ದ ಪ್ಲಾಸ್ಟರ್ ಒರೆಸಿಕೊಂಡರು. ಆಮೇಲೆ, “ಬರಲಿ ಅವಳು. ಆ ಹಳೇ ಯಂತ್ರ ಆರಿಸೋಳು ಅವಳೇ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ” ಎಂದರು. ನಿನ್ನೆಯಿಂದ ಅದು ಉರಿಯುತ್ತಲೇ ಇದೆ, ಗೀಟು ಮಿಣುಕುತ್ತಿದೆ. ಕುರ್ಚಿ ಒರೆಸಿಟ್ಟಿದ್ದೇನೆ. ಮುಂದಿನ ವಾರದ ಶನಿವಾರ ಹತ್ತರ ಬಸ್ಸಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ಹಾಲನ್ನು ಒಲೆಯಿಂದ ಇಳಿಸಿ ಬಾ.