ಬಿರುಕಿಲ್ಲದ ಬೆಲ್ಟು

ನಾಗಮಂಗಲ
ಏಪ್ರಿಲ್ ೧೯೯೮

ಕೆ.ಆರ್. ಪೇಟೆಯ ಕೆಂಪಣ್ಣನಿಗೆ ತಂಗಿ ಪುಟ್ಟಗೌರಮ್ಮ ಮಾಡುವ ನಮಸ್ಕಾರ.

ನಮಸ್ಕಾರ ಮಾತ್ರ. ತಪ್ಪಾಯಿತು ಅಂತ ಬರೆದಿದ್ದಾಳೆ ಅಂದುಕೊಂಡು ಓದಬೇಡ ಅಣ್ಣ, ಆ ಮಾತು ಇದರಲ್ಲಿಲ್ಲ.

ಸುನಿತಾಳ ಮದುವೆಯಾಗಿ ವರ್ಷವಾಗುತ್ತಾ ಬಂತು. ಅವತ್ತಿನಿಂದ ನೀನು ನನ್ನ ಹೊಸಿಲು ತುಳಿದಿಲ್ಲ. ನಿನ್ನ ಮಗಳನ್ನು ಶ್ರೀರಂಗಪಟ್ಟಣದ ಛತ್ರಕ್ಕೆ ನನ್ನ ಮಾರುತಿ ವ್ಯಾನಿನಲ್ಲಿ ಕರೆದೊಯ್ಯಲಿಲ್ಲ ಅನ್ನುವುದು ನಿನ್ನ ಸಿಟ್ಟು.

ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಬೇಕು ಎಂದು ಹೋದ ವರ್ಷದ ಯುಗಾದಿಗೂ ಮುಂಚಿನಿಂದ ಹೇಳುತ್ತಿದ್ದೆ. ವ್ಯಾನು ಲಕ್ಷ ಕಿಲೋಮೀಟರ್ ದಾಟಿತ್ತು. ಬಾಡಿಗೆ ಗೊತ್ತು ಮಾಡುತ್ತಿದ್ದವನು ನೀನು. "ಈ ಲಗ್ನ ಒಂದು ಮುಗೀಲಿ ಕಣವ್ವ" ಅನ್ನುತ್ತಿದ್ದೆ. ಅದು ಮುಗಿಯುವುದರೊಳಗೆ ಇನ್ನೊಬ್ಬರಿಗೆ ಮಾತು ಕೊಟ್ಟಿರುತ್ತಿದ್ದೆ. ಮದುವೆಯ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ವ್ಯಾನಿನ ಕೆಳಗೆ ನೀರು. ಬೆಳ್ಳೂರು ಕ್ರಾಸಿನ ಮೆಕ್ಯಾನಿಕ್ ಶಂಕರ್ ಬಗ್ಗಿ ನೋಡಿ, "ವಾಟರ್ ಪಂಪು ಸೋರ್ತಾ ಅದೆ ಕಣಕ್ಕ. ಪಂಪ್ ಬಿಚ್ಬೇಕು ಅಂದ್ರೆ ಬೆಲ್ಟೂ ಬಿಚ್ಲೇಬೇಕು. ಎರಡನ್ನೂ ಒಂದೇ ಸಲ ಹೊಸದು ಹಾಕ್ಬುಡನ. ಸಾಮಾನು ಬೆಂಗ್ಳೂರಿಂದ ಬರ್ಬೇಕು, ನಾಳೆ ಸಂಜೆ ಆಯ್ತದೆ" ಅಂದ. ಆ ಬೆಲ್ಟು ಕಣ್ಣಿಗೆ ಕಾಣದಂತೆ ಒಳಗೆ ಕೂತಿರುತ್ತದೆ ಅಣ್ಣ. ಸದ್ದು ಮಾಡಿ ಎಚ್ಚರಿಸುವುದಿಲ್ಲ. ಕಿತ್ತುಹೋದರೆ ಓಡುತ್ತಿದ್ದ ಇಂಜಿನ್ನು ತಟ್ಟನೆ ಸತ್ತುಹೋಗುತ್ತದೆ. ಹಿಂದೆ ಲಾರಿ ಬರುತ್ತಿದ್ದರೂ ಅಷ್ಟೇ.

ಸುದ್ದಿ ಕೇಳಿ ನೀನು ಶಂಕರನ ಗ್ಯಾರೇಜಿಗೇ ಬಂದೆ. "ನೀರು ಉಯ್ಕೊಂಡು ಓಡ್ಸು. ಎಂಗಸ್ರಿಗೆ ಇಂಜಿನ್ ವಿಸ್ಯ ಏನ್ ಗೊತ್ತು?" ಅಂದೆ. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ನೀನು. ಊರು ನಕ್ಕಾಗ ನನ್ನ ಪಕ್ಕದ ಸೀಟಿನಲ್ಲಿ ಎದೆಯುಬ್ಬಿಸಿ ಕೂತಿದ್ದವನು. ಆ ಬಾಯಲ್ಲಿ ಈ ಮಾತು! ನಾನು ಕೀಲಿಯನ್ನು ಶಂಕರನ ಕೈಗಿಟ್ಟೆ.

ಲಗ್ನದ ಕಾಲ, ಬೇರೆ ಗಾಡಿ ಸಿಗಲಿಲ್ಲ. ಸುನಿತಾ ನೆಂಟರ ಜೊತೆ ಬಸ್ಸಿನಲ್ಲೇ ಛತ್ರಕ್ಕೆ ಹೋದಳು. ಬೀಗರ ಕಡೆಯವರು ಮುಸಿಮುಸಿ ನಕ್ಕರು. ಬೀಗರೂಟದ ದಿನ ನೀನು ಶಂಕರನ ಹತ್ತಿರ ಹಳೇ ಬೆಲ್ಟು ಇಸಿದುಕೊಂಡು ಬಂದು ಪಂಕ್ತಿಯಲ್ಲಿ ಕೂತವರಿಗೆಲ್ಲ ತೋರಿಸಿದೆ. "ನೋಡ್ರಪ್ಪ, ಒಂದು ಬಿರುಕಿಲ್ಲ. ಇದ್ಕೋಸ್ಕರ ನನ್ ಮಗಳ್ನ ಬಸ್ ಅತ್ಸುದ್ಲು!"

ಹೌದು, ಬಿರುಕಿರಲಿಲ್ಲ. ನಾನೂ ನೋಡಿದೆ. ಇನ್ನೂ ಎಷ್ಟೋ ದೂರ ಬರುತ್ತಿತ್ತೇನೋ. ಆದರೂ ನಾಳೆ ಅದೇ ಮದುವೆ ಮತ್ತೆ ನಡೆದರೂ ನಾನು ಮಾಡುವುದು ಅದನ್ನೇ. ಕಿತ್ತುಹೋದ ಮೇಲೆ ಯಾರು ಬೇಕಾದರೂ ಬದಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ನಿನ್ನ ಮಗಳನ್ನು ಕೂರಿಸಿಕೊಂಡು, ನೋಡೋಣ ಏನಾಗುತ್ತೋ ಅನ್ನುವ ಧೈರ್ಯ ನನಗಿಲ್ಲ, ಬೇಡವೂ ಬೇಡ.

ವ್ಯಾನು ತಂದು ಒಪ್ಪಿಸು, ಬೇರೆ ಡ್ರೈವರ್ ಇಡ್ತೀನಿ ಎಂದು ನೀನು ಹೇಳಿ ಕಳಿಸಿದೆ. ವ್ಯಾನು ನನ್ನದು, ಒಪ್ಪಿಸಲಿಲ್ಲ. ನೀನು ಬಾಡಿಗೆ ಕಳಿಸುವುದನ್ನು ನಿಲ್ಲಿಸಿದೆ. ನಾನೇ ಬಸ್ ಸ್ಟ್ಯಾಂಡಿನ ಮುಂದೆ ನಿಂತು ಬಾಡಿಗೆ ಹಿಡಿದೆ.

ಮೊನ್ನೆ ಪಾಂಡವಪುರದಿಂದ ಸುನಿತಾ ಫೋನ್ ಮಾಡಿದ್ದಳು. "ಅತ್ತೆ, ಎರಿಗೆಗೆ ತವರಿಗೆ ಬರ್ಬೇಕು. ಅಪ್ಪ ಬ್ಯಾರೆ ಕಾರು ಕಳಿಸ್ತೀನಿ ಅಂತು, ಬ್ಯಾಡ ಅಂದೆ. ನೀನೇ ಬಾ, ನಿನ್ ವ್ಯಾನಾದ್ರೆ ನಂಗೆ ಬಯ ಇಲ್ಲ" ಅಂದಳು. ಬಸ್ಸಿನಲ್ಲಿ ಹೋದವಳು ಅವಳು ಅಣ್ಣ. ಸಿಟ್ಟು ಮಾಡುವ ಹಕ್ಕಿದ್ದರೆ ಅದು ಅವಳದಾಗಿತ್ತು.

ಶುಕ್ರವಾರ ಮಧ್ಯಾಹ್ನ ಅವಳನ್ನು ಕರೆತಂದು ನಿನ್ನ ಬಾಗಿಲ ಮುಂದೆಯೇ ನಿಲ್ಲಿಸುತ್ತೇನೆ. ಹಾರ್ನ್ ಬೀದಿಗೆಲ್ಲ ಕೇಳುವಂತೆ ಹೊಡೆಯುತ್ತೇನೆ. ನನ್ನ ಜೊತೆ ಮಾತಾಡದಿದ್ದರೆ ಬೇಡ, ಆರತಿ ತಟ್ಟೆ ಕೊಟ್ಟು ಅತ್ತಿಗೆಯನ್ನು ಹೊರಗೆ ಕಳಿಸು. ಆದರೆ ಉಣ್ಣದೆ ಮಾತ್ರ ನಾನು ಆ ಮನೆಯಿಂದ ಹೊರಡುವವಳಲ್ಲ.

ಮೊಮ್ಮಗು ನಿನ್ನ ತೊಡೆಯ ಮೇಲೆ ಸುಖವಾಗಿ ಬೆಳೆಯಲಿ.

ನೀನು ಹಟಮಾರಿ ಎಂದು ಕರೆಯುವ ತಂಗಿ,
ಪುಟ್ಟಗೌರಿ