ಅಪ್ಪಾಜಿ ಅವ್ವನನ್ನು ಕೇಳಿದರೆ

ರವಿ,

ನಾನು ಆಫೀಸಿಗೆ ಹೊರಟೆ. ಅಪ್ಪಾಜಿಗೆ ಪಾರ್ಕಿನ್ಸನ್ ಮಾತ್ರೆ ಕೊಟ್ಟಿದ್ದೀನಿ. ಆಮೇಲೆ ರಾಗಿ ಗಂಜಿ ಬಿಸಿ ಮಾಡಿ ಕೊಡು. ನೀನು ಅವರನ್ನ ಏನಾದ್ರೂ ಕೇಳಿದ್ರೆ ಉತ್ತರಕ್ಕೆ ಕಾಯಿ, ರೇಗಬೇಡ. ಅದು ಹಟ ಅಲ್ಲ ಕಣೋ. ಮಿದುಳಿನ ಬಿಳಿ ನರತಂತುಗಳು ಸವೆದಿವೆ, ಯೋಚನೆ ನಿಧಾನ ಆಗುತ್ತೆ ಅಂತ ಸ್ಕ್ಯಾನ್ ನೋಡಿ ಡಾಕ್ಟರ್ ಹೇಳಿದ್ರು.

ಬೆಳಿಗ್ಗೆ ಸಮುದ್ರ ಕಾಣೋ ಕಿಟಕಿ ಹತ್ರ ಕೂತು, "ಎಣ್ಣೂರು ಸಮುದ್ರದ ಮೇಲೆಲ್ಲ ಮಂಜು. ನಮ್ಮವ್ವ ಹೆಂಗೆ ಬರ್ತಾಳೆ?" ಅಂದ್ರು. "ನಾನೇ ಹೋಗಿ ಕೈ ಹಿಡಿದು ಕರ್ಕೊಂಡು ಬರ್ತೀನಿ" ಅಂದೆ. ನಕ್ಕು ಕಾಫಿ ಕುಡಿದ್ರು.

ನಿನ್ನೆ ನೀನು "ಅಜ್ಜಿ ಸತ್ತು ಎಷ್ಟೋ ವರ್ಷ ಆಯ್ತು" ಅಂದಾಗ ಎಷ್ಟು ಅತ್ತರು, ನೋಡಿದೆಯಲ್ಲ. ಇವತ್ತು ಹೇಳಬೇಡ. ಹೇಳಿದಾಗಲೆಲ್ಲ ಅವರಿಗೆ ಅವ್ವ ಆಗತಾನೇ ಸತ್ತ ಹಾಗೆ.

ಉಮಕ್ಕ