ಮನಾಸಾ ಮುಟ್ಟದ ಹಲ್ಲು

ನಾವೈಲಾ, ಲೌತೋಕಾ
೧೪ ಜುಲೈ ೧೯೯೧, ಭಾನುವಾರ

ಪ್ರೀತಿಯ ಅಪೆನಿಸಾ,

ಕಾಲಿನ ಗಾಯ ಒಣಗಿತೇ? ಹೋದ ಕಾಗದದಲ್ಲಿ "ಮುಳ್ಳುತಂತಿ ತರಚಿತು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅತ್ತೆ ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು. "ತರಚಿದ್ದಕ್ಕೆಲ್ಲಾ ಲೆಬನಾನಿಂದ ಕಾಗದ ಬರೀತಾರೇನೇ? ಇವನು ಏನೋ ಮುಚ್ಚಿಡ್ತಿದಾನೆ" ಎಂಬುದು ಅವರ ತೀರ್ಮಾನ. ಈ ಸಲ ಸರಿಯಾಗಿ ಬರೆ. ಶಾಂತಿಪಡೆಯ ಶಿಬಿರದಲ್ಲಿ ಊಟಕ್ಕೆ ಇನ್ನೂ ಅದೇ ಡಬ್ಬಿ ಮಾಂಸವೇ? ಇಲ್ಲಿ ಎಲ್ಲರೂ ಆರೋಗ್ಯ. ತೊಮಾಸಿ ಓಡಾಡುತ್ತಾನೆ, ಹಿಡಿಯಲು ಆಗುವುದಿಲ್ಲ. ಕೆಲೆರಾ ನಿನ್ನ ಫೋಟೋ ತೋರಿಸಿ ಶಾಲೆಯಲ್ಲಿ ಜಂಬ ಪಡುತ್ತಾಳಂತೆ, ಟೀಚರ್ ಹೇಳಿದರು. ಅತ್ತೆಯ ಮೊಣಕಾಲು ಮಾತ್ರ ಹಾಗೇ ಇದೆ. ಕಬ್ಬು ಅರೆಯುವುದು ಶುರುವಾಗಿ ಬಟ್ಟೆಯ ಮೇಲೆಲ್ಲ ಮಿಲ್ಲಿನ ಮಸಿ ಬೀಳುತ್ತಿದೆ. ಕೊಡವಿದರೆ ಹೋಗುತ್ತದೆ, ಅದೇನೂ ಹೊಸದಲ್ಲ.

ಹೊಸದು ಬೇರೆ ಇದೆ. ಯಾರಾದರೂ ನಿನಗೆ ಅರ್ಧಂಬರ್ಧ ಬರೆಯುವ ಮೊದಲು ನಾನೇ ಬರೆಯುತ್ತೇನೆ. ಕೊಲ್ಲಿಯ ದಂಡೆಯಲ್ಲಿ, ನಾವು ಹೆಂಗಸರು ಏಡಿ ಹಿಡಿಯುವ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದೆ ಇರುವ ನಿಮ್ಮ ಕುಲದ ಜಾಗವನ್ನು ಒಂದು ಕಂಪನಿ ಗುತ್ತಿಗೆಗೆ ಕೇಳಿತು. ಹಳೇ ಕಾರು ಬ್ಯಾಟರಿ ಒಡೆದು ಅದರೊಳಗಿನ ಸೀಸ ಕರಗಿಸುವ ಕಾರ್ಖಾನೆ. ನಮ್ಮ ಹಿತ್ತಿಲಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಮ್ಯಾನೇಜರ್ ಪ್ಲಮ್ಲಿ ಎಂಬಾತ ಚರ್ಚಿನ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ, ಹೊಗೆ ಬರುವುದಿಲ್ಲ, ವಾಸನೆ ಬರುವುದಿಲ್ಲ, ಕೆಲಸವೆಲ್ಲ ನಿಮ್ಮ ಹುಡುಗರಿಗೇ ಎಂದು ನಗುನಗುತ್ತಾ ಹೇಳಿದ. ನಿನ್ನ ಅಣ್ಣ ಮನಾಸಾ ಒಪ್ಪಿಬಿಟ್ಟರು. ಭಾವನನ್ನು ನಾನು ದೂರುವುದಿಲ್ಲ. ಕುಲದ ಹಿರಿತನ ಅವರದು; ಕಬ್ಬಿನ ಕಾಲ ಮುಗಿದರೆ ಹುಡುಗರು ರಸ್ತೆ ಬದಿ ಕೂತು ಹರಟುವುದನ್ನು ದಿನಾ ನೋಡುವವರೂ ಅವರೇ. ನಿನಗೆ ಸೈನ್ಯ ಸಿಕ್ಕಿತು, ಅವರಿಗೆ ಏನು ಸಿಗುತ್ತದೆ ಎಂದು ನನ್ನನ್ನೇ ಕೇಳಿದರು.

ಮೊದಲು ಸಂಶಯ ಬಂದದ್ದು ಪಕ್ಕದ ಮನೆಯ ವೇಲಮ್ಮನಿಗೆ. ಅವಳ ತಂಗಿಯನ್ನು ಕೊಟ್ಟಿರುವುದು ದ್ವೀಪದ ಆ ಕಡೆಗೆ. ಅಲ್ಲಿ ಇದೇ ಕಂಪನಿಯ ಹಳೇ ಕಾರ್ಖಾನೆ ಇದೆ. "ಬಾಯಲ್ಲಿ ಹೇಳಿದ್ದು ಬೇಡ ಕಣೇ ಲವೆನಿಯಾ, ಕಣ್ಣಲ್ಲಿ ನೋಡಿ ಬರೋಣ" ಎಂದಳು. ಅವಳ ಗಂಡ ಮುನಿಸಾಮಿಯ ಲಾರಿ ಹತ್ತಿ ನಾವು ಕೆಲವು ಹೆಂಗಸರು ಹೊರಟೆವು. ಗಂಡಸರಿಗೆ ಹೇಳಿದ್ದು, ಚರ್ಚಿನ ಚಾಪೆಗಳಿಗೆ ಓಲೆ ತರಲು ಹೋಗುತ್ತಿದ್ದೇವೆ ಎಂದು. ನೀವು ಬರುವುದು ಬೇಡ ಎಂದರೂ ಅತ್ತೆ ಕೇಳದೆ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಮುನಿಸಾಮಿಗೆ ಗಾಡಿ ಓಡಿಸುವುದನ್ನು ಕಲಿಸಿದರು. ಪಾಪ, ಆ ಮನುಷ್ಯ ಹೇಳಿದಲ್ಲೆಲ್ಲ ಬ್ರೇಕು ಒತ್ತಿದ.

ಅಲ್ಲಿ ಭಯಂಕರವಾದದ್ದು ಏನೂ ಕಾಣಲಿಲ್ಲ, ಅಪೆನಿಸಾ. ಅದೇ ನನ್ನನ್ನು ಹೆದರಿಸಿದ್ದು. ಬೇಲಿ, ತಗಡಿನ ಶೆಡ್ಡು, ಸಣ್ಣ ಚಿಮಣಿ, ಅಷ್ಟೇ. ಬೇಲಿಗೆ ಹತ್ತಿರದ ದೀವಿಹಲಸಿನ ಮರಗಳು ಒಂದು ಮಗ್ಗುಲಲ್ಲಿ ಮಾತ್ರ ಒಣಗಿದ್ದವು. ವೇಲಮ್ಮನ ತಂಗಿ ಕೋಳಿ ಸಾಕುವುದನ್ನು ಬಿಟ್ಟಿದ್ದಾಳೆ, ಉಳಿಯುವುದಿಲ್ಲವಂತೆ. ಬಟ್ಟೆ ಒಣಹಾಕುವ ಮೊದಲು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಾಳೆ. ಅವಳ ಚಿಕ್ಕ ಮಗ ತೊಮಾಸಿಗಿಂತ ಒಂದು ವರ್ಷ ದೊಡ್ಡವನು, ಇನ್ನೂ ಎರಡು ಮಾತು ಕೂಡಿಸಿ ಆಡುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿಲ ಹತ್ತಿರ ಕೂತಿದ್ದ. ರಕ್ತದಲ್ಲಿ ಸೀಸ ಇದೆ, ಜಾಗ ಬಿಟ್ಟು ಹೋಗಿ ಎಂದರಂತೆ ಆಸ್ಪತ್ರೆಯವರು. "ಎಲ್ಲಿಗೆ ಹೋಗಲಿ ಅಂತ ಮಾತ್ರ ಅವರು ಹೇಳಲಿಲ್ಲಕ್ಕ" ಎಂದಳು. ಅತ್ತೆ ಆ ಮಗುವನ್ನು ಮಡಿಲಿಗೆ ಎಳೆದುಕೊಂಡು ಕೂತವರು, ನಾವು ಹೊರಡುವವರೆಗೂ ಕೆಳಗಿಳಿಸಲಿಲ್ಲ. ಬರುವಾಗ ಮುನಿಸಾಮಿಗೆ ಏನೂ ಕಲಿಸಲಿಲ್ಲ.

ನಾನು ಕಂಡದ್ದನ್ನೆಲ್ಲ ಭಾವನಿಗೆ ಹೇಳಿದೆ. ಅವರು, ಅದು ಹಳೇ ಯಂತ್ರ, ಇಲ್ಲಿಗೆ ಬರುವುದು ಹೊಸದು ಎಂದು ಮ್ಯಾನೇಜರ್ ಹೇಳಿದ್ದನ್ನೇ ಹೇಳಿದರು. ಜಮೀನು ಕಚೇರಿಯಲ್ಲಿ, ಕುಲ ಒಪ್ಪಿದರೆ ಆಯಿತು, ಕುಲದ ಜಮೀನಿನ ಗುತ್ತಿಗೆ ಮನೆಗಳಲ್ಲಿ ಇರುವವರನ್ನು ಕೇಳುವ ಪದ್ಧತಿ ಇಲ್ಲ ಎಂದರು. ಕಬ್ಬು ಕಡಿಯಲು ಹಡಗಿನಲ್ಲಿ ಬಂದವರ ವಂಶ ವೇಲಮ್ಮನದು; ಅವಳ ಅಜ್ಜಿ ಹುಟ್ಟಿದ್ದು ಅದೇ ಗುತ್ತಿಗೆ ಮನೆಯಲ್ಲಿ.

ಹೀಗಿರುವಾಗ ಎಂಟು ದಿನದ ಹಿಂದೆ, ಶನಿವಾರ, ಪ್ಲಮ್ಲಿ ಕುಲದ ಕೂಟದ ಮನೆಗೆ ಶಾಸ್ತ್ರೋಕ್ತವಾಗಿ ಬಂದ. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು. ನಮ್ಮವರ ಹಾಗೆ ಸುಲು ಪಂಚೆ ಉಟ್ಟು, ಅರೆದು ಕುಡಿಯುವ ಕಾವಾ ಬೇರಿನ ಕಟ್ಟು ಹೊರಿಸಿಕೊಂಡು, ಪರವಾಗಿ ಮಾತಾಡಲು ಒಬ್ಬ ಮುದುಕನನ್ನೂ ಕರೆತಂದಿದ್ದ. ಕೊನೆಗೆ ಆ ಮುದುಕ ಬಟ್ಟೆಯ ಗಂಟು ಬಿಚ್ಚಿ ತಂಬುವಾ ಹೊರತೆಗೆದ. ತಿಮಿಂಗಿಲದ ಅಂಥ ದೊಡ್ಡ ಹಲ್ಲನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ತೆಂಗಿನ ನಾರಿನ ಹುರಿಯಲ್ಲಿ ತೂಗುತ್ತಿತ್ತು, ಜೇನಿನ ಬಣ್ಣ. ಕಾಗದಕ್ಕೆ ಹಾಕಿದ ಸಹಿಯಾದರೆ ಕೋರ್ಟಿಗೆ ಹೋಗಿ ಜಗಳವಾಡಬಹುದು. ತಂಬುವಾ ಕೈಗೆ ತೆಗೆದುಕೊಂಡ ಮೇಲೆ ಇಲ್ಲ ಎನ್ನಲು ನಿಮ್ಮ ಅಪ್ಪ, ಅಜ್ಜ ಯಾರಿಗೂ ಬಾಯಿ ಇರಲಿಲ್ಲ.

ಭಾವ ಮುಂದೆ ಬಾಗಿ ಎರಡೂ ಕೈ ಚಾಚಿದರು. ಆಗ ಹಿಂದಿನಿಂದ, ಹೆಂಗಸರ ಚಾಪೆಯಿಂದ ಅತ್ತೆ ಮಾತಾಡಿದರು. ಗಂಡಸರ ಆ ಕೂಟದಲ್ಲಿ ಅವರ ದನಿ ಅದುವರೆಗೆ ಯಾರೂ ಕೇಳಿರಲಿಲ್ಲ, ನಿನಗೇ ಗೊತ್ತು. ಕೂಗಲಿಲ್ಲ, ಅಡುಗೆಮನೆಯಲ್ಲಿ ಮಾತಾಡುವ ಹಾಗೆಯೇ ಹೇಳಿದರು: "ಮನಾಸಾ, ಅದನ್ನ ಮುಟ್ಟಬೇಡಪ್ಪಾ. ನೀನು ಮುಟ್ಟಿದ ಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ, ಅದಕ್ಕೇ ಈಗಲೇ ಹೇಳ್ತಿದೀನಿ. ಅಲ್ಲಿ ಒಂದು ಮಗುನ ಎತ್ಕೊಂಡಿದ್ದೆ. ಆ ವಯಸ್ಸಿಗೆ ನೀನು ನನ್ನ ಸೊಂಟ ಮುರಿಯೋ ಹಾಗಿದ್ದೆ. ಅದು ಒಣ ಎಲೆ ಹಾಗಿತ್ತು ಕಣೋ."

ಭಾವನ ಕೈ ಚಾಚಿದಲ್ಲೇ ಇತ್ತು. ಪ್ಲಮ್ಲಿ ಆಚೀಚೆ ನೋಡಿ, ಅಜ್ಜಿ ಏನು ಹೇಳಿದರು ಎಂದು ಕೇಳಿದ. ಅವನ ಮುದುಕ ತಲೆ ತಗ್ಗಿಸಿದ. ಒಳಗೆ ಬರಲು ಹಕ್ಕಿಲ್ಲದೆ ಕಿಟಕಿಯ ಹೊರಗೆ ನಿಂತಿದ್ದ ವೇಲಮ್ಮ, "ಬೇಡ ಅಂತಿದಾರೆ ಸಾರ್" ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ನಗು ಬರುವ ಹೊತ್ತಲ್ಲ, ಆದರೂ ನನಗೆ ಬಂತು. ಭಾವ ಕೈ ಹಿಂದಕ್ಕೆ ತೆಗೆದುಕೊಂಡು, ಕಾವಾ ಕುಡಿಯೋಣ, ಹಲ್ಲು ನಿಮ್ಮ ಜೊತೆಯಲ್ಲೇ ಹೋಗಲಿ ಎಂದರು. ಬುಧವಾರ ಕಚೇರಿಯಿಂದ ತಿಳಿಯಿತು, ಕಂಪನಿ ನಮ್ಮ ಜಾಗ ಕೈಬಿಟ್ಟಿದೆ. ಮುನಿಸಾಮಿ ಲಾರಿಯ ಹಾರನ್ ಬಾರಿಸುತ್ತಾ ಬೀದಿ ಪೂರ್ತಿ ಸುತ್ತಿದ.

ಭಾವ ಮಾತ್ರ ಅಂದು ಸಂಜೆ ಬಾಗಿಲಲ್ಲೇ ನಿಂತು, "ಹುಡುಗರಿಗೆ ಕೆಲಸ ನೀನು ಕೊಡ್ತೀಯಾ ಅಮ್ಮ?" ಎಂದು ಕೇಳಿ ಹೋದವರು ಮತ್ತೆ ಈ ಕಡೆ ಬಂದಿಲ್ಲ. ಮೀನು ಸಿಕ್ಕಿದರೆ ಹೆಂಡತಿಯ ಕೈಲಿ ಕಳಿಸುತ್ತಾರೆ. ಅತ್ತೆ ಅದನ್ನು ಬೇಯಿಸುತ್ತಾರೆ, ತಾವು ತಿನ್ನುವುದಿಲ್ಲ. ನೀನು ಅಣ್ಣನಿಗೆ ಒಂದು ಕಾಗದ ಬರೆ. ಯಾರು ಸರಿ ಯಾರು ತಪ್ಪು ಎಂದು ಬರೆಯಬೇಡ, ಸುಮ್ಮನೆ ಬರೆ.

ಮಕ್ಕಳು ಮುತ್ತು ಕಳಿಸಿದ್ದಾರೆ. ಅತ್ತೆ ದಿನಾ ಪ್ರಾರ್ಥನೆಯಲ್ಲಿ ನಿನ್ನ ಹೆಸರಿನ ಜೊತೆ ನಿನ್ನ ಕಾಲಿನ ಹೆಸರನ್ನೂ ಹೇಳುತ್ತಾರೆ. ದೇವರು ನಿನ್ನನ್ನು ಹೋದ ಹಾಗೇ ತಿರುಗಿ ಕಳಿಸಲಿ.

ನಿನ್ನವಳೇ,
ಲವೆನಿಯಾ

ಲಕೋಟೆ ಅಂಟಿಸುವ ಮೊದಲು ಇಷ್ಟು: ನನ್ನ ತಮ್ಮ ಸಂಜೆ ಬಂದು ಹೋದ. ಕಂಪನಿ ನಮ್ಮಪ್ಪನ ಊರಿಗೆ ಹೋಗಿದೆ. ಗುರುವಾರ, ಅಲ್ಲಿನ ಕುಲದ ಹಿರಿಯನಾದ ಅಪ್ಪ ಆ ಹಲ್ಲನ್ನು ಕೈಗೆ ತೆಗೆದುಕೊಂಡಾಯಿತಂತೆ. ಕೊಟ್ಟ ಮಾತು ಬಿಡಿಸಿಕೊಳ್ಳಲು ಇನ್ನೊಂದು ತಂಬುವಾ ಹಿಡಿದು ಹಿರಿಯನೊಬ್ಬ ಹೋಗಿ ಅಪ್ಪನ ಮುಂದೆ ಕೂರಬೇಕು. ನಾನು ಅತ್ತುಕೊಂಡು ಹೋದರೆ ಆಗುವುದಲ್ಲ. ಬೇರೆ ದಾರಿ ಕಾಣದೆ ಭಾವನ ಮನೆಗೆ ಹೋಗಿ, ನೀವೇ ಬರಬೇಕು ಎಂದು ಕೇಳಿದೆ. ಅವರು ಬಲೆ ಹೊಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಗಂಟು ಹಾಕಿ ದಾರ ಕಡಿದು, ನಾಳೆ ಬಸ್ಸು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದರು.